ಗಾಳದ ದೂರ, ಕೈಯ ಹದ

(ಹಲಸೂರಿನಲ್ಲಿ ಗೆಳೆಯರ ಕೂಟವೊಂದರ ಮುಂದೆ ಆಡಿದ ಮಾತುಗಳ ಬರಹರೂಪ)



ಕೆರೆಯ ದಂಡೆಯಲ್ಲಿ ಕುಳಿತು ಕಡಲ ದಂಡೆಯ ವಿಷಯ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಬೆಂಗಳೂರಿಗೆ ಸಮುದ್ರವಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಸಿಗುವ ಬಂಗುಡೆ, ಅಂಜಲುಗಳೆಲ್ಲ ಐಸಿನ ಮೇಲೆ ಮಲಗಿ ಘಟ್ಟ ಹತ್ತಿ ಬಂದವು. ಆದರೆ ಗಾಳದ ಗೀಳು ಮಾತ್ರ ಈ ಭಾಗಕ್ಕೆ ಹೊಸದಲ್ಲ. 1809ರಲ್ಲಿ ದಂಡು ಇಲ್ಲಿ ನೆಲೆಯೂರಿದ ಮೇಲೆ ಬಂದ ಇಂಗ್ಲಿಷರಲ್ಲಿ ಬಂದೂಕಿನಷ್ಟೇ ಗಾಳದ ಕೋಲನ್ನೂ ಪ್ರೀತಿಸುವವರಿದ್ದರು. ಅವರಿಗಿಂತ ಮುಂಚಿನಿಂದಲೂ ನಮ್ಮ ಕೆರೆಯಂಚಿನ ಜನ ಬಿದಿರ ಗಳುವಿನಲ್ಲಿ ಎರೆಹುಳು ಸಿಕ್ಕಿಸಿ ಕುಳಿತವರೇ.

ನಿಮ್ಮಲ್ಲಿ ಹಲವರು ರಜೆ ಸಿಕ್ಕಾಗ ರಾತ್ರಿ ಬಸ್ಸು ಹತ್ತಿ ಮಲ್ಪೆಗೋ ಮರವಂತೆಗೋ ಹೋಗುವವರು. ಮರಳಿ ಬಂದವರ ದೂರು ಒಂದೇ: "ಮೀನು ಆಚೆ ಇತ್ತು ಸಾರ್, ನಮ್ಮ ಗಾಳ ಅಲ್ಲಿಯವರೆಗೆ ಹೋಗಲಿಲ್ಲ." ಅದಕ್ಕೆ ನೀವು ಕಂಡುಕೊಂಡ ಕಾರಣವೂ ಒಂದೇ, ತೋಳಿನಲ್ಲಿ ಬಲ ಸಾಲದು ಎನ್ನುವುದು. ಈ ಕಾರಣ ಸರಿಯಲ್ಲವೆಂದು ಹೇಳುವುದಕ್ಕಾಗಿಯೇ ನಾನು ಬಂದಿದ್ದೇನೆ.

ದರ್ಜಿಯ ದಾರದ ಪಾಠ

ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಯಾವ ದರ್ಜಿಯ ಬಳಿಯಾದರೂ ಒಂದು ದಾರದ ರೀಲು ಕೇಳಿ ಪಡೆಯಿರಿ. ಅದನ್ನು ಕಡ್ಡಿಗೆ ಪೋಣಿಸಿ ದಾರ ಎಳೆದರೆ ರೀಲು ತಿರುಗಲೇಬೇಕು. ಜೋರಾಗಿ ಎಳೆದು ಥಟ್ಟನೆ ಕೈ ತಡೆದರೆ ಅದು ಇನ್ನೂ ತಿರುಗುತ್ತಲೇ ಇದ್ದು ದಾರ ಗೋಜಲಾಗುತ್ತದೆ. ಈಗ ಅದೇ ರೀಲನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದು, ದಾರವನ್ನು ಅದರ ನೆತ್ತಿಯ ಮೇಲಿನಿಂದ ಎಳೆಯಿರಿ. ರೀಲು ಅಲುಗದು, ದಾರ ಮಾತ್ರ ಸುರುಳಿ ಸುರುಳಿಯಾಗಿ ಜಾರಿ ಬರುತ್ತದೆ.

ಎಸೆತದ ಇತಿಹಾಸವೆಲ್ಲ ಈ ಎರಡು ಪ್ರಯೋಗಗಳಲ್ಲಿ ಅಡಗಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆಚ್.ಎಸ್. ಥಾಮಸ್, ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ತನ್ನ 'ದಿ ರಾಡ್ ಇನ್ ಇಂಡಿಯಾ' ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದಾಗ ಎಲ್ಲರ ಕೈಯಲ್ಲಿದ್ದದ್ದು ಮೊದಲನೆಯ ಬಗೆಯ, ತಿರುಗುವ ರೀಲು. 1884ರಲ್ಲಿ ಸ್ಕಾಟ್ಲೆಂಡಿನ ಮ್ಯಾಲಕ್ ಎಂಬಾತ, ಎಸೆಯುವಾಗ ಪಕ್ಕಕ್ಕೆ ಹೊರಳಿಸಬಹುದಾದ ರೀಲು ಮಾಡಿದ. 1905ರಲ್ಲಿ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗಳ ಮನೆತನದ ಇಲ್ಲಿಂಗ್‌ವರ್ತ್, ಸ್ಪೂಲು ತಿರುಗದೆ ನಿಂತಿದ್ದು ದಾರ ಮಾತ್ರ ಜಾರುವ ರೀಲಿಗೆ ಪೇಟೆಂಟ್ ಪಡೆದ. ಗಿರಣಿಯ ಕದಿರಿನಿಂದ ನೂಲು ಜಾರುವುದೂ ಹೀಗೆಯೇ ಅಲ್ಲವೆ? ಇಂದು ನಿಮ್ಮಲ್ಲಿ ಬಹುಮಂದಿಯ ಕೈಯಲ್ಲಿರುವುದು ಅದರ ಸಂತತಿ. ನೈಲಾನ್ 1938ರಲ್ಲಿ ಲೋಕಕ್ಕೆ ಪ್ರಕಟವಾದ ಮೇಲೆ ನೀರು ಕುಡಿದು ಭಾರವಾಗುವ ರೇಷ್ಮೆ ದಾರವೂ ಹಿಂದೆ ಸರಿಯಿತು.

ಇಷ್ಟರಲ್ಲಿ ಯಾರ ತೋಳೂ ಬಲಿಯಲಿಲ್ಲ. ದಾರಕ್ಕಿದ್ದ ತಡೆ ತಗ್ಗಿತು, ದೂರ ಹೆಚ್ಚಿತು. ಆದ್ದರಿಂದ ನಿಮ್ಮ ಮೊದಲ ಕೆಲಸ ಸ್ಪೂಲನ್ನು ನೋಡುವುದು. ದಾರ ಅದರ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಕೆಳಗಿರಲಿ. ಅರ್ಧ ತುಂಬಿದ ಸ್ಪೂಲಿನಲ್ಲಿ ಪ್ರತಿ ಸುತ್ತೂ ಅಂಚಿಗೆ ಉಜ್ಜಿಕೊಂಡೇ ಹೊರಬರುತ್ತದೆ. ಅಂಚಿನವರೆಗೆ ತುಂಬಿದರೆ ಸುತ್ತುಗಳು ಗಂಟುಗಂಟಾಗಿ ಉದುರುತ್ತವೆ. ಎರಡನೆಯದು ದಾರದ ದಪ್ಪ. ತೆಳು ದಾರಕ್ಕೆ ಗಾಳಿಯ ತಡೆಯೂ ಕಡಿಮೆ, ಉಜ್ಜುವಿಕೆಯೂ ಕಡಿಮೆ. 0.30ರಿಂದ 0.35 ಮಿಲಿಮೀಟರಿನ ನೈಲಾನ್ ನಮ್ಮ ಮರಳ ತೀರಕ್ಕೆ ಸಾಕು.

ರಾಗಿ ಉಂಡೆ ಕಲಿಸಿದ ಹದ

ಮೂರನೆಯದು ಕೈ. ಇಲ್ಲಿ ಲೆಕ್ಕ ಸರಳ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಗುಂಡು ಹೊರಡುವ ವೇಗ ಇಮ್ಮಡಿಯಾದಾಗ ಅದು ಹೋಗುವ ದೂರ ನಾಲ್ಮಡಿಯಾಗುತ್ತದೆ. ವೇಗವೆಂದ ಕೂಡಲೇ ಎಲ್ಲರೂ ಆರಂಭದಲ್ಲೇ ಜಾಡಿಸುತ್ತಾರೆ. ಆಗ ಕೋಲು ಬೇಗ ಬಾಗಿ ಬೇಗ ಸೋಲುತ್ತದೆ. ಗುಂಡು ಕೈಬಿಡುವ ಹೊತ್ತಿಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಹೋಗುತ್ತಿದ್ದವರು ಇದನ್ನು ರಾಗಿಯಿಂದ ಕಲಿತರು. ಸಂಗಮ, ಭೀಮೇಶ್ವರಿಯ ಮಡುಗಳಲ್ಲಿ ಕೊಕ್ಕೆಗೆ ಮೆತ್ತುತ್ತಿದ್ದದ್ದು ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಜಾಡಿಸಿ ಎಸೆದರೆ ರಾಗಿ ಒಂದು ಕಡೆ, ಬರೀ ಕೊಕ್ಕೆ ಇನ್ನೊಂದು ಕಡೆ. ಉಂಡೆ ಇಡಿಯಾಗಿ ನೀರು ಮುಟ್ಟಬೇಕಾದರೆ ಬೀಸು ನಿಧಾನವಾಗಿ ಹೊರಟು, ಎಲ್ಲಿಯೂ ತಡವರಿಸದೆ ವೇಗ ಏರುತ್ತ, ಕೊನೆಯಲ್ಲಿ ಅತ್ಯಂತ ಚುರುಕಾಗಬೇಕು. ಬಳಸುವುದು ಸಿಗಡಿಯೋ ಬೂತಾಯಿಯ ತುಂಡೋ ಆದರೂ ಕಡಲ ದಂಡೆಯಲ್ಲಿ ನಿಯಮ ಅದೇ.

ಹೀಗೆ ಮಾಡಿ ನೋಡಿ. ಸೀಸದ ಗುಂಡು ಕೋಲಿನ ತುದಿಯಿಂದ ಮೂರು ನಾಲ್ಕು ಅಡಿ ಕೆಳಗೆ ತೂಗುತ್ತಿರಲಿ. ಕಡಲಿಗೆ ಎಡಭುಜ ತೋರಿಸಿ, ಭಾರವನ್ನು ಬಲಗಾಲಿನ ಮೇಲಿಟ್ಟು ನಿಲ್ಲಿ. ಮೊದಲು ಸೊಂಟ ತಿರುಗಲಿ, ಆಮೇಲೆ ಭುಜ, ಕಟ್ಟಕಡೆಗೆ ಕೈ. ನಮ್ಮ ಕರಾವಳಿಯಲ್ಲಿ ಬೀಸುಬಲೆ ಹಾಕುವವರನ್ನು ಗಮನಿಸಿ, ಅವರ ಬಲೆ ಅರಳುವುದು ಸೊಂಟದಿಂದಲೇ. ಕೊನೆಯ ಗಳಿಗೆಯಲ್ಲಿ ಬಲಗೈ ಕೋಲನ್ನು ಮೇಲಕ್ಕೆ ತಳ್ಳಲಿ, ಬುಡ ಹಿಡಿದ ಎಡಗೈ ಎದೆಯ ಕಡೆಗೆ ಎಳೆಯಲಿ. ಹಾರೆಯಿಂದ ಕಲ್ಲು ಮೀಟುವಂತೆ ಇದು. ಸ್ಪರ್ಧೆಗಳಲ್ಲಿ 150 ಗ್ರಾಂ ಗುಂಡನ್ನು 250 ಮೀಟರಿಗೂ ಆಚೆ ಎಸೆದವರಿದ್ದಾರೆ. ನಮಗೆ ಅಷ್ಟು ಬೇಡ. ಐವತ್ತು ಮೀಟರ್ ಎಸೆಯುವವನು ತನ್ನ ಬೀಸನ್ನು ತಿದ್ದಿಕೊಂಡು ಎಂಬತ್ತಕ್ಕೆ ಮುಟ್ಟಿದರೆ ದೊಡ್ಡ ಸಂಗತಿಯೇ. ಅಂದಹಾಗೆ, ನಿಭಾಯಿಸಲಾಗದ ಉದ್ದನೆಯ ಕೋಲು ದೂರ ಹೆಚ್ಚಿಸುವುದಿಲ್ಲ, ಬೆನ್ನುನೋವು ಹೆಚ್ಚಿಸುತ್ತದೆ.

ತುಂಡಾದ ದಾರ

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ತೆಳು ದಾರ ದೂರ ಹೋಗುತ್ತದೆ ಎಂದೆ. ಆದರೆ ಬೀಸಿನ ಪೆಟ್ಟನ್ನು ತೆಳು ದಾರ ತಾಳಲಾರದು. ಅದಕ್ಕೇ ಅದರ ತುದಿಗೆ ದಪ್ಪ ದಾರವೊಂದನ್ನು ಕಟ್ಟಬೇಕು. ಅನುಭವಸ್ಥರ ಲೆಕ್ಕ ಹೀಗಿದೆ: ಗುಂಡಿನ ಪ್ರತಿ ಔನ್ಸಿಗೆ ಕನಿಷ್ಠ 10 ಪೌಂಡು ತಾಳುವ ದಾರ. ನಾಲ್ಕು ಔನ್ಸಿನ, ಎಂದರೆ ಸುಮಾರು 113 ಗ್ರಾಂ ಗುಂಡಿಗೆ 40 ಪೌಂಡಿನದು. ಉದ್ದ ಕೋಲಿನ ಎರಡರಷ್ಟಿದ್ದು, ಮೇಲೆ ಸ್ಪೂಲಿಗೆ ನಾಲ್ಕಾರು ಸುತ್ತು ಬರುವಷ್ಟಿರಲಿ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಇಂದಿರಾನಗರದ ಅಂಚಿನಲ್ಲಿ ಆಗಿನ್ನೂ ಖಾಲಿಯಿದ್ದ ಬಯಲೊಂದರಲ್ಲಿ ನಾನು ಎಸೆತದ ಅಭ್ಯಾಸ ಮಾಡುತ್ತಿದ್ದೆ. ಸುಮ್ಮನೆ ಅಭ್ಯಾಸವಲ್ಲವೆ ಎಂದು ದಪ್ಪ ದಾರ ಕಟ್ಟುವ ಗೊಡವೆಗೆ ಹೋಗಲಿಲ್ಲ. ಮೈಯೆಲ್ಲ ಬಲ ಮಾಡಿ ಬೀಸಿದೆ. ದಾರ ತುಂಡಾದ ಸದ್ದು ಕೇಳಿತು, ಗುಂಡು ಎತ್ತ ಹೋಯಿತೋ ಕಾಣಲಿಲ್ಲ. ಮರುಕ್ಷಣ ಪಕ್ಕದ ಗೋಡೆಯ ಗಾರೆ ಉದುರಿತು. ಆ ಗೋಡೆಗೆ ಒರಗಿ ಏಳೆಂಟು ವರ್ಷದ ಹುಡುಗನೊಬ್ಬ ನನ್ನನ್ನೇ ನೋಡುತ್ತ ಕುಳಿತಿದ್ದ. ಗುಂಡು ಬಡಿದದ್ದು ಅವನ ತಲೆಯಿಂದ ಎರಡು ಗೇಣು ಈಚೆಗೆ. ಅವನಿಗೆ ಅದೊಂದು ಆಟ, ಚಪ್ಪಾಳೆ ತಟ್ಟಿ ನಕ್ಕ. ನಾನು ಮರಳಿ ಕೋಲು ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ಅಂದು ಅವನಿಗೆ ಏನಾದರೂ ಆಗಿದ್ದರೆ ಇಂದು ಇಲ್ಲಿ ನಿಂತು ದೂರದ ಮಾತಾಡುವ ಮುಖ ನನಗಿರುತ್ತಿರಲಿಲ್ಲ.

ಎಸೆಯುವ ಮುನ್ನ ಹಿಂದೆ, ಅಕ್ಕಪಕ್ಕ ನೋಡಿ. ತಲೆಯ ಮೇಲೆ ವಿದ್ಯುತ್ ತಂತಿಯಿದೆಯೇ ನೋಡಿ, ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಜನರಿರುವ ಕಡೆ ಎಸೆಯಲೇಬೇಡಿ.

ಗಾಳಿ, ಅಲೆ, ಮೀನು

ದೂರಕ್ಕೆ ಪುಕ್ಕಟೆ ಸಹಾಯ ಮಾಡುವುದು ಗಾಳಿ. ನಮ್ಮ ಪಶ್ಚಿಮ ತೀರದಲ್ಲಿ ಮಳೆಗಾಲ ಕಳೆದ ಮೇಲೆ ರಾತ್ರಿಯಿಂದ ಮುಂಜಾವಿನವರೆಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲಿನಿಂದ ನೆಲಕ್ಕೆ. ರಾತ್ರಿ ಬಸ್ಸಿನಲ್ಲಿ ಹೋದವರು ಲಾಡ್ಜಿನಲ್ಲಿ ಮಲಗಿ ಊಟವಾದ ಮೇಲೆ ಕೋಲು ಹಿಡಿದು ಬಂದರೆ ಎದುರುಗಾಳಿಗೆ ಎಸೆಯಬೇಕು. ನಸುಕಿನಲ್ಲೇ ಬಂದವರಿಗೆ ಗಾಳಿಯೇ ಬೆನ್ನು ತಟ್ಟುತ್ತದೆ.

ಇನ್ನೊಂದು ಗುಟ್ಟು: ಮೀನು ಯಾವಾಗಲೂ ದೂರದಲ್ಲಿರುವುದಿಲ್ಲ. ಅಲೆ ಮೊದಲು ಒಡೆದು ಬೆಳ್ಳಗಾಗುವಲ್ಲಿ ನೀರಿನಡಿ ಮರಳ ದಿಬ್ಬವಿರುತ್ತದೆ. ಅದರ ಈಚೆ, ದಂಡೆಯ ಕಡೆಗೆ, ನೀರು ತುಸು ಕಪ್ಪಾಗಿ ಕಾಣುವ ಕಾಲುವೆ. ಅಲೆ ಕೆದಕಿದ ಹುಳು ಹುಪ್ಪಟೆ ಅಲ್ಲಿ ಸೇರುತ್ತದೆ, ಅದನ್ನರಸಿ ಮೀನೂ ಬರುತ್ತದೆ. ಇದು ಕೆಲವೊಮ್ಮೆ ಮೂವತ್ತು ಮೀಟರಿನಾಚೆಗೇ ಇರಬಹುದು. ಹಿಂದೆ ದಂಡೆಯಿಂದ ರಂಪಣಿ ಬಲೆ ಎಳೆಯುತ್ತಿದ್ದವರು ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡನ್ನು ಗುರುತಿಸುತ್ತಿದ್ದರು. ದೂರ ಎಸೆಯಲು ಬಂದವನು ಹತ್ತಿರ ಎಸೆಯುವುದು ಯಾವಾಗ ಎಂಬುದನ್ನೂ ಕಲಿಯಬೇಕು.

ಕಡೆಯ ಮಾತು. ನಮ್ಮ ಕೈ ಎಟಕುವ ದೂರ ಹೆಚ್ಚಿದಂತೆ ಮೀನು ಅಡಗುವ ಜಾಗ ಕಿರಿದಾಗುತ್ತದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದು ದಾಖಲೆ ಮಾಡಿದರು. ಕಾವೇರಿಯ ಗೂನುಬೆನ್ನಿನ ಆ ಮಹಶೀರಿಗೆ ಶಾಸ್ತ್ರೀಯ ಹೆಸರು ಯಾವುದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು, ಹೊರಗಿನಿಂದ ತಂದು ಬಿಟ್ಟ ಮೀನು, ಇವೆಲ್ಲದರ ಫಲ ಇದು. ಈ ಹಲಸೂರು ಕೆರೆಯಲ್ಲೇ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅವನ್ನು ಹಿಡಿಯಲು ಗಾಳವೂ ಬೇಕಿರಲಿಲ್ಲ, ಎಸೆತವೂ ಬೇಕಿರಲಿಲ್ಲ.

ಆದ್ದರಿಂದ ಚೆನ್ನಾಗಿ ಎಸೆಯಿರಿ. ಬೇಕಾದಷ್ಟೇ ಹಿಡಿಯಿರಿ, ಮರಿ ಸಿಕ್ಕರೆ ನೀರಿಗೆ ಬಿಡಿ, ತುಂಡಾದ ನೈಲಾನನ್ನು ಆಯ್ದು ಮನೆಗೆ ತನ್ನಿ. ಮುಂದಿನ ಸಲ ಬಸ್ಸಿಳಿದು ಬಂದಾಗ "ಮೀನು ಆಚೆ ಇತ್ತು ಸಾರ್" ಎಂದೇ ಹೇಳಿ, ನನಗೆ ಸಂತೋಷವೇ. ಮೀನು ಇನ್ನೂ ಇದೆ ಎಂದಾಯಿತಲ್ಲ.