ಶಾಂತಲೆಯ ಮನೆಯ ಧರ್ಮಗಳು

ಬೇರೆ ಧರ್ಮದ ಗ್ರಂಥ ಓದಿದ ಮಕ್ಕಳಿಗೆ ಮನೆದೇವರ ಮೇಲಿನ ಭಕ್ತಿ ಸಡಿಲವಾದೀತು ಎಂಬ ಆತಂಕ ಕೇಳುಗರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟದಲ್ಲಿ ಇದಕ್ಕೊಂದು ಉತ್ತರವಿದೆ. ಗಂಗಾಧರೇಶ್ವರ, ಹೊನ್ನಾದೇವಿ, ಒಳಕಲ್ಲು ತೀರ್ಥಗಳ ಪರಿಚಯ ಯಾರಿಗೂ ಬೇಕಿಲ್ಲ. ಆದರೆ ಇದೇ ಶೈವಕ್ಷೇತ್ರದಲ್ಲಿ 1131ರಲ್ಲಿ ತೀರಿಕೊಂಡ ಹೊಯ್ಸಳ ರಾಣಿ ಶಾಂತಲೆ ಜೈನಳು.

ಅವಳ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುವರ್ಧನ ರಾಮಾನುಜರ ಶಿಷ್ಯನೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಅವನು ಬೇಲೂರಿನಲ್ಲಿ ಕೇಶವನ ಗುಡಿ ಕಟ್ಟಿಸಿದಾಗ ಶಾಂತಲೆಯೂ ಅದೇ ಪ್ರಾಕಾರದಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠೆ ಮಾಡಿಸಿದಳು. ಅದಾದ ಮೇಲೆ, 1123ರಲ್ಲಿ, ಶ್ರವಣಬೆಳಗೊಳದ ಸವತಿ ಗಂಧವಾರಣ ಬಸದಿಯನ್ನು ಕಟ್ಟಿಸಿದವಳೂ ಅವಳೇ. ಅವಳ ಗುರು ಜೈನಮುನಿ ಪ್ರಭಾಚಂದ್ರ ಸಿದ್ಧಾಂತದೇವರು. ಮೂರು ಧರ್ಮಗಳ ನಡುವೆ ಬಾಳಿದವಳ ಜಿನಭಕ್ತಿ ಸಡಿಲವಾಗಲಿಲ್ಲ.

ಬೆಟ್ಟದ ತುದಿಯ ಕಡಿದಾದ ಬಂಡೆಗೆ ಜನ ಇಟ್ಟ ಹೆಸರು ‘ಶಾಂತಲಾ ಡ್ರಾಪ್’. ಮಕ್ಕಳಿಲ್ಲದ ಕೊರಗಿನಲ್ಲಿ ರಾಣಿ ಅಲ್ಲಿಂದ ಹಾರಿದಳಂತೆ. ಹತ್ತುವವರ ಕಿವಿಗೆ ಈ ಕಥೆ ಪ್ರತಿ ಸಲವೂ ಬೀಳುತ್ತದೆ. ಹೇಳುವವರ ಧಾಟಿ ನೋಡಿದರೆ ಕಣ್ಣಾರೆ ಕಂಡವರೇ ಇರಬೇಕು. ಆದರೆ ಅವಳ ಸಾವನ್ನು ದಾಖಲಿಸಿದ ಶ್ರವಣಬೆಳಗೊಳದ ಶಾಸನದಲ್ಲಿ ಹಾರಿದ ಮಾತೇ ಇಲ್ಲ. ಶಿವಗಂಗೆಯ ತೀರ್ಥದಲ್ಲಿ ದೇಹ ಬಿಟ್ಟಳು ಎಂದಷ್ಟೇ ಇದೆ. ಆಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಗುರುಗಳ ಸಮ್ಮುಖದಲ್ಲಿ ತಿಂಗಳ ಕಾಲ ಉಪವಾಸವಿದ್ದು ಸಮಾಧಿಮರಣ ಹೊಂದಿದ್ದನ್ನು ಅದೇ ಶಾಸನ ವಿವರಿಸುತ್ತದೆ.

ಈ ವ್ರತವೇ ಸಲ್ಲೇಖನ. ಬರ, ಮುಪ್ಪು, ವಾಸಿಯಾಗದ ರೋಗದಂಥ ಸಂದರ್ಭದಲ್ಲಿ ಮಾತ್ರ ಅದಕ್ಕೆ ಅವಕಾಶ. ಮೊದಲು ದ್ವೇಷ, ಮಮತೆ ಬಿಡಬೇಕು, ಎಲ್ಲರಲ್ಲೂ ಕ್ಷಮೆ ಕೇಳಬೇಕು. ಆಮೇಲೆ ಅನ್ನ, ಹಾಲು, ಕೊನೆಗೆ ನೀರು ಹಂತಹಂತವಾಗಿ ನಿಲ್ಲುತ್ತವೆ. ದುಡುಕಿನಿಂದ ಪ್ರಾಣ ಕಳೆದುಕೊಳ್ಳುವುದನ್ನು ಜೈನಶಾಸ್ತ್ರ ಒಪ್ಪುವುದಿಲ್ಲ. ಆದರೂ 2015ರಲ್ಲಿ ರಾಜಸ್ಥಾನದ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತವನ್ನು ಒಪ್ಪುವುದು ಬಿಡುವುದು ಬೇರೆ, ಅದೇನೆಂದು ತಿಳಿಯುವುದು ಬೇರೆ.

ಅಪಾಯ ಇರುವುದು ಇಲ್ಲೇ. ತಿಳಿಯದ ಧರ್ಮದ ವಿಷಯದಲ್ಲಿ ಖಾಲಿ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ನೋಡುವವನು ತನಗೆ ಗೊತ್ತಿರುವುದನ್ನೇ ತಂದು ಅಲ್ಲಿ ತುಂಬುತ್ತಾನೆ. ಶಾಂತಲೆ ಹೇಗೆ ತೀರಿಕೊಂಡಳೆಂದು ಶಾಸನ ಹೇಳಿಲ್ಲ. ಬಂಜೆತನ, ಕೊರಗು, ಬಂಡೆ ಇವೆಲ್ಲ ಹೇಳುವವರ ಮನಸ್ಸಿನಿಂದ ಬಂದವು. ಇನ್ನೂ ಸರಳವಾಗಿ: ನೆರೆಯವನ ಧರ್ಮ ಓದದವನು ನೆರೆಯವನ ಬಗ್ಗೆ ಸುಮ್ಮನಿರುವುದಿಲ್ಲ, ಕಥೆ ಕಟ್ಟುತ್ತಾನೆ. ಮಕ್ಕಳು ಓದಿ ಕೆಟ್ಟಾರು ಎಂದು ಹೆದರುವವರು ಓದದೆ ಕಟ್ಟಿದ ಕಥೆಗಳಿಗೆ ಹೆದರುವುದಿಲ್ಲ, ಅದೇ ಸೋಜಿಗ.

ಹಳೆಯ ಪಂಡಿತರು ಇದಕ್ಕೆ ಪೂರ್ವಪಕ್ಷವೆಂಬ ಕಟ್ಟಳೆ ಮಾಡಿಕೊಂಡಿದ್ದರು. ಎದುರಾಳಿಯ ವಾದವನ್ನು ಚೆನ್ನಾಗಿ ಮಂಡಿಸಿದ ಮೇಲೆಯೇ ಖಂಡನೆ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ ಹದಿನಾರು ದರ್ಶನಗಳನ್ನು ವಿವರಿಸುತ್ತದೆ. ಶುರುವಾಗುವುದು ದೇವರನ್ನೇ ಒಪ್ಪದ ಚಾರ್ವಾಕರಿಂದ. ಬರೆದವರ ಆಸ್ತಿಕತೆಗೆ ಏನೂ ಆಗಲಿಲ್ಲ.

ಓದಿದರೆ ಜಗಳ ಹೆಚ್ಚುತ್ತದೆ ಎಂಬ ಮಾತೂ ಇದೆ. ಜಗಳ ಮೊದಲೂ ಇತ್ತು. 1368ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ದೂರು ತಂದಾಗ ವಿಜಯನಗರದ ದೊರೆ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಬರೆಸಿದ. ಆ ಶಾಸನ ಬೆಳಗೊಳದಲ್ಲಿದೆ. ಅದರ ಪ್ರತಿ ಶಿವಗಂಗೆಗೆ ದೂರವಲ್ಲದ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ.

ಇನ್ನು ಓದುವ ಕ್ರಮ. ಮೊದಲು ತಮ್ಮ ಮನೆಯ ಪೂಜೆ, ಹಬ್ಬಗಳ ಅರ್ಥವನ್ನು ಹಿರಿಯರಿಂದ ಕೇಳಿ ತಿಳಿಯಬೇಕು. ಬೇರೆ ಧರ್ಮವನ್ನು ಅದನ್ನು ಆಚರಿಸುವವರು ಬರೆದ ಪುಸ್ತಕದಿಂದ ಶುರುಮಾಡಬೇಕು, ಟೀಕಾಕಾರರಿಂದಲ್ಲ. ಸರ್ಕಾರಿ ಶಾಲೆಯಲ್ಲಿ ಸಂವಿಧಾನದ 28ನೇ ವಿಧಿ ತಡೆಯುವುದು ಮತಬೋಧನೆಯನ್ನು. ಧರ್ಮಗಳ ಬಗೆಗಿನ ಪಾಠಕ್ಕೆ ಅಡ್ಡಿಯಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಟ್ಟುಕಥೆ ಬಿಟ್ಟು ಮೂಲವನ್ನೇ ಓದಬೇಕೆನ್ನುವವರಿಗೆ ಶಾಂತಲೆಯ ಶಾಸನ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟದಲ್ಲಿದೆ.