ವೇಶ್ಯಾವಾಟಿಕೆ: ಕಾನೂನಿನ ಚರ್ಚೆ ಮತ್ತು ನಮ್ಮ ಹೊಣೆ



ವೇಶ್ಯಾವಾಟಿಕೆಯನ್ನು ಕಾನೂನುಬದ್ಧ ಉದ್ಯೋಗವೆಂದು ಒಪ್ಪಬೇಕೇ ಎಂಬ ಚರ್ಚೆ ಮತ್ತೆ ಮತ್ತೆ ಏಳುತ್ತದೆ. ಹೊರದೇಶಗಳೂ ಒಂದೇ ದಾರಿ ಹಿಡಿದಿಲ್ಲ. ನೆದರ್‌ಲ್ಯಾಂಡ್ಸ್ 2000ದಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧ ತೆಗೆಯಿತು. ಸ್ವೀಡನ್‌ನಲ್ಲಿ 1999ರಿಂದ ಶಿಕ್ಷೆ ಹಣ ಕೊಟ್ಟು ಹೋಗುವವನಿಗೆ, ಹೆಣ್ಣಿಗಲ್ಲ. ನಮ್ಮ 1956ರ ಕಾಯ್ದೆ ವೇಶ್ಯಾಗೃಹ ನಡೆಸುವುದನ್ನೂ ಆ ಸಂಪಾದನೆಯಲ್ಲಿ ಬದುಕುವುದನ್ನೂ ಅಪರಾಧವೆನ್ನುತ್ತದೆ. ಈ ಮಹಿಳೆಯರನ್ನು ಪೊಲೀಸರು ಘನತೆಯಿಂದ ಕಾಣಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ನಿಲುವು ಸ್ಪಷ್ಟ. ವ್ಯಭಿಚಾರ ಹರಾಮ್; ಸರಕಾರ ಪರವಾನಗಿ ಕೊಟ್ಟರೂ ಹಲಾಲ್ ಆಗದು. ಆದರೆ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 33ನೇ ವಚನವನ್ನು ಗಮನಿಸಿ. ಲಾಭಕ್ಕಾಗಿ ಅಧೀನದ ಹೆಣ್ಣನ್ನು ಈ ಕೆಲಸಕ್ಕೆ ದೂಡುವುದನ್ನು ಅದು ನಿಷೇಧಿಸುತ್ತದೆ. ಬಲವಂತಕ್ಕೆ ಸಿಕ್ಕವಳಿಗೆ ಅಲ್ಲಾಹನ ಕ್ಷಮೆ, ಕರುಣೆಯ ಭರವಸೆ ಕೊಡುತ್ತದೆ. ಬಾಯಾರಿದ ನಾಯಿಗೆ ನೀರು ಕುಡಿಸಿದ ವೇಶ್ಯೆಯನ್ನು ಅಲ್ಲಾಹನು ಕ್ಷಮಿಸಿದ್ದನ್ನು ಪ್ರವಾದಿ(ಸ) ತಿಳಿಸಿದ್ದಾರೆ.

ಹಾಗಿರುವಾಗ ನಾವೇಕೆ ಬಾಗಿಲು ಮುಚ್ಚುತ್ತೇವೆ? ಅಲ್ಲಿಗೆ ಹೋಗಿ ಬಂದ ಗಂಡಸಿಗೆ ಸಲಾಮ್ ಸಿಗುತ್ತದೆ. ಅಲ್ಲಿಂದ ಹೊರಬಂದ ಹೆಣ್ಣಿಗೆ ಬಾಡಿಗೆ ಮನೆಯೂ ಸಿಗದು. ಇದು ನ್ಯಾಯವಲ್ಲ. ಸಾಲ, ಹಸಿವು, ಗಂಡ ಬಿಟ್ಟುಹೋದ ಅಸಹಾಯಕತೆ, ದಲ್ಲಾಳಿಯ ಮೋಸ ಹಲವರನ್ನು ಅಲ್ಲಿಗೆ ಎಳೆಯುತ್ತವೆ. ಅಂಥ ಮನೆಗೆ ದಲ್ಲಾಳಿಗಿಂತ ಮೊದಲು ನಮ್ಮ ಜಮಾಅತಿನ ಝಕಾತ್ ತಲುಪಲಿ. ತೌಬಾ ಮಾಡಿ ಬಂದವಳ ಹಿಂದಿನದನ್ನು ಕೆದಕದಿರೋಣ. ಆಕೆಯ ಮಕ್ಕಳನ್ನು ಮದ್ರಸದಲ್ಲಿ ನಮ್ಮ ಮಕ್ಕಳ ಪಕ್ಕದಲ್ಲೇ ಕೂರಿಸೋಣ. ನಮ್ಮ ಗಂಡುಮಕ್ಕಳಿಗೆ ದೃಷ್ಟಿ ತಗ್ಗಿಸುವುದನ್ನು ಕಲಿಸೋಣ.

ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.