ಮಗುವಿನ ಬೆನ್ನಿಗೆ ನಿಂತವರು

(ದೇಶಪಾಂಡೆ ನಗರದಲ್ಲಿ ಜರುಗಿದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಈ ವೇದಿಕೆಗೆ ಬಂದು ಬಹುಮಾನ ಪಡೆದ ಮಕ್ಕಳಿಗೆಲ್ಲ ನಾವು ಚಪ್ಪಾಳೆ ತಟ್ಟಿದೆವು. ಆ ಮಕ್ಕಳು ಅದಕ್ಕೆ ಅರ್ಹರು. ಆದರೆ ಪ್ರತಿಯೊಂದು ಮಗುವಿನ ಬೆನ್ನಿಗೆ ನಿಂತ ಇನ್ನೊಬ್ಬರು ಇರುತ್ತಾರೆ. ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಇಂದು ಅವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನಿಂತಿದ್ದೇನೆ.

ದೂರದ ಉದಾಹರಣೆ ಹುಡುಕುವ ಅಗತ್ಯ ನಮಗಿಲ್ಲ. ನಾವು ಸೇರಿರುವ ಇದೇ ದೇಶಪಾಂಡೆ ನಗರದಲ್ಲಿ 'ಗಂಗಾಲಹರಿ' ಎಂಬ ಮನೆಯಿದೆ. ಡಾ. ಗಂಗೂಬಾಯಿ ಹಾನಗಲ್ ಅವರು ಬಾಳಿದ ಮನೆ ಅದು. 2002ರಲ್ಲಿ ಪದ್ಮವಿಭೂಷಣ ಪಡೆದ, 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿಯೇ ಕಣ್ಮುಚ್ಚಿದ ಆ ಮಹಾನ್ ಗಾಯಕಿಯ ಹೆಸರು ನಮಗೆಲ್ಲ ಗೊತ್ತು. ಅವರು ಶಾಲೆಯಲ್ಲಿ ಕಲಿತದ್ದು ಐದನೇ ಇಯತ್ತೆಯವರೆಗೆ ಮಾತ್ರ ಎಂಬುದು ಎಷ್ಟು ಜನರಿಗೆ ಗೊತ್ತು? ಅವರ ಬಾಲ್ಯವನ್ನು ಯಾರು ಯಾರು ಕಾಯ್ದರು ಎಂಬುದು ಎಷ್ಟು ಜನರಿಗೆ ಗೊತ್ತು?

ಗಂಗೂಬಾಯಿಯವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಬಾಲ್ಯವನ್ನು ಕಳೆದದ್ದು ಅಲ್ಲಿಯ ಶುಕ್ರವಾರಪೇಟೆಯಲ್ಲಿ. ಹಾಡುವವರ ಮನೆತನದ ಹುಡುಗಿಯೆಂದು ಓಣಿಯ ಜನ ಅವರನ್ನು ಕೀಳಾಗಿ ನೋಡುತ್ತಿದ್ದ ಕಾಲ ಅದು. ನೆರೆಯವರ ಹಿತ್ತಲಿನಲ್ಲಿ ಒಂದು ಮಾವಿನಕಾಯಿ ಕಿತ್ತಾಗ, ಕಾಯಿ ಹೋಯಿತೆಂದು ಯಾರೂ ಸಿಟ್ಟಾಗಲಿಲ್ಲ, ಹಾಡುವವರ ಮಗಳು ಒಳಗೆ ಕಾಲಿಟ್ಟಳಲ್ಲ ಎಂದು ಸಿಟ್ಟಾದರು. ಈ ನೋವನ್ನು ಅವರು ಇಳಿವಯಸ್ಸಿನಲ್ಲಿಯೂ ನೆನೆಯುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಅಂದಿನ ಚಪ್ಪಾಳೆಗಿಂತ ಅವರ ನೆನಪಿನಲ್ಲಿ ಉಳಿದದ್ದು ಒಂದು ಅಂಜಿಕೆ. ಎಲ್ಲರ ಊಟವಾದ ಮೇಲೆ ಎಂಜಲು ಬಳಿಯಲು ತನಗೆ ಹೇಳಿಬಿಡುತ್ತಾರೇನೋ ಎಂಬ ಅಂಜಿಕೆ!

ಇಂಥ ಮಗು ಮುದುಡಿಹೋಗದೆ ಉಳಿದದ್ದು ಹೇಗೆ?

ಮೊದಲನೆಯವರು ತಾಯಿ ಅಂಬಾಬಾಯಿ. ಅವರು ಸ್ವತಃ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಆದರೆ ಮಗಳ ಒಲವು ಹಿಂದೂಸ್ತಾನಿ ಸಂಗೀತದ ಕಡೆಗೆ. ಬೀದಿಯಲ್ಲಿ ಗ್ರಾಮೋಫೋನ್ ಕೇಳಿಸಿದರೆ ಸಾಕು, ಆ ಹುಡುಗಿ ಓಡಿಹೋಗಿ ನಿಂತು ಕೇಳಿ, ಮನೆಗೆ ಬಂದು ಹಾಗೆಯೇ ಹಾಡುತ್ತಿದ್ದಳು. ತಾಯಿ ತನ್ನ ವಿದ್ಯೆಯನ್ನೇ ಕಲಿಯಬೇಕೆಂದು ಹಠ ಹಿಡಿಯಲಿಲ್ಲ. 1928ರಲ್ಲಿ ಮಗಳ ಸಂಗೀತಕ್ಕಾಗಿ ಸಂಸಾರವನ್ನೇ ಹುಬ್ಬಳ್ಳಿಗೆ ತಂದರು. ಅಷ್ಟೇ ಅಲ್ಲ, ತನ್ನ ಹಾಡಿನ ಛಾಯೆ ಮಗಳ ಕಂಠದ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ನಾಲ್ಕೇ ವರ್ಷಗಳಲ್ಲಿ, 1932ರಲ್ಲಿ, ತೀರಿಕೊಂಡರು. ಮಗಳ ಕೀರ್ತಿಯನ್ನು ಕಾಣುವ ಯೋಗ ಅವರಿಗೆ ಬರಲಿಲ್ಲ.

ಎರಡನೆಯವರು ಸೋದರಮಾವ ರಾಮಣ್ಣ. ತಾಯಿಯ ನಂತರವೂ ಗಂಗೂಬಾಯಿಯವರ ಜೊತೆಗೆ ನಿಂತವರು. ಮೂರನೆಯವರು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರು. ಅವರು ಅಂಬಾಬಾಯಿಯವರ ಹಾಡು ಕೇಳಲು ಅವರ ಮನೆಗೆ ಬರುತ್ತಿದ್ದರು. ಒಮ್ಮೆ ಹುಡುಗಿಯ ಹಾಡನ್ನೂ ಕೇಳಿ, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು ಎಂಬರ್ಥದ ಮಾತು ಹೇಳಿ ಹರಸಿದರಂತೆ. ಅವರೇನೂ ಆಕೆಗೆ ವರ್ಷಗಟ್ಟಲೆ ಪಾಠ ಹೇಳಲಿಲ್ಲ. ಆದರೆ ಓಣಿಯ ಜನರು ಮೂಗು ಮುರಿಯುತ್ತಿದ್ದಾಗ ಅಷ್ಟು ದೊಡ್ಡ ಉಸ್ತಾದರ ಒಂದು ಮಾತು ಮಗುವಿಗೆ ಎಷ್ಟು ಬಲ ಕೊಟ್ಟಿರಬೇಕು!

ನಾಲ್ಕನೆಯವರು ಗುರು ಸವಾಯಿ ಗಂಧರ್ವರು. ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣ ಹುಡುಗನನ್ನು ಖಾನ್ ಸಾಹೇಬರು ಶಿಷ್ಯನೆಂದು ಅಪ್ಪಿಕೊಂಡರು. ಅವರೇ ಮುಂದೆ ಸವಾಯಿ ಗಂಧರ್ವರಾದರು. ಆ ಸವಾಯಿ ಗಂಧರ್ವರು ಸಮಾಜ ದೂರವಿಟ್ಟ ಮನೆತನದ ಗಂಗೂಬಾಯಿಯವರಿಗೆ ಅದೇ ವಿದ್ಯೆಯನ್ನು ಧಾರೆಯೆರೆದರು. ಆಗ ಗಂಗೂಬಾಯಿಯವರು ಸಂಸಾರಸ್ಥೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತು ಬರುತ್ತಿದ್ದರು. ಜಿಪುಣನು ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಲು ಗುರುಗಳು ಕಲಿಸಿದರೆಂದು ಅವರು ಹೇಳುತ್ತಿದ್ದರು. ಇದೇ ಬಡಾವಣೆಯಲ್ಲಿರುವ ಸವಾಯಿ ಗಂಧರ್ವ ಸಭಾಭವನದ ಮುಂದೆ ಹಾಯ್ದು ಹೋಗುವಾಗ ವಿದ್ಯಾರ್ಥಿಗಳು ಈ ಗುರುಪರಂಪರೆಯನ್ನು ನೆನೆಯಬೇಕು. ಜಾತಿ ಮತಗಳ ಗೋಡೆ ದಾಟಿ ಕೈಯಿಂದ ಕೈಗೆ ಬಂದ ವಿದ್ಯೆ ಅದು.

ಬಾಂಧವರೇ, ಈ ನಾಲ್ವರನ್ನು ಗಮನಿಸಿರಿ. ಒಬ್ಬರು ತಮ್ಮದನ್ನು ಬಿಟ್ಟುಕೊಟ್ಟರು. ಒಬ್ಬರು ಜೊತೆಗೆ ನಡೆದರು. ಒಬ್ಬರು ಕಿವಿಗೊಟ್ಟು ಕೇಳಿ ಒಂದು ಒಳ್ಳೆಯ ಮಾತು ಆಡಿದರು. ಒಬ್ಬರು ಬೇಸರಿಸದೆ ಕಲಿಸಿದರು. ಇವುಗಳಲ್ಲಿ ನಮ್ಮಿಂದ ಆಗದ ಕೆಲಸ ಯಾವುದಿದೆ?

ಇನ್ನು ನನ್ನ ಮಾತು. ಸಂಕೋಚದಿಂದಲೇ ಹೇಳುತ್ತೇನೆ. ನಾನು ಏಳನೇ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಎಂಟನೆಯದಕ್ಕೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋದೆ. ಮೊದಲ ವಾರದಲ್ಲಿಯೇ ತರಗತಿಯಲ್ಲಿ ಎದ್ದು ನಿಂತು 'ಸರ್, ಪುಸ್ತಕ ಕೆಳಗೆ ಬಿದ್ದಳು' ಎಂದೆ. ಇಡೀ ತರಗತಿ ನಕ್ಕಿತು. ಮರುದಿನದಿಂದ ನಾನು ಬಾಯಿ ಬಿಡಲಿಲ್ಲ. ಶಾಲೆ ಬಿಟ್ಟು ಗ್ಯಾರೇಜಿಗೆ ಸೇರುವ ವಿಚಾರ ಮಾಡಿದ್ದೆ.

ನಮ್ಮ ಕನ್ನಡ ಮಾಸ್ತರರು ಆ ನಗೆಯನ್ನು ಹಾಗೆಯೇ ಬಿಡಲಿಲ್ಲ. ಮರುವಾರ ಹಲಗೆಯ ಮೇಲೆ ಬರೆದು ತೋರಿಸಿದರು: ಉರ್ದುವಿನಲ್ಲಿ 'ಕಿತಾಬ್' ಸ್ತ್ರೀಲಿಂಗ, ಕನ್ನಡದಲ್ಲಿ 'ಪುಸ್ತಕ' ನಪುಂಸಕಲಿಂಗ. 'ಈ ಹುಡುಗನಿಗೆ ವ್ಯಾಕರಣ ಬರುವುದಿಲ್ಲ ಅಂತಲ್ಲ, ಇವನಿಗೆ ನಿಮಗಿಂತ ಒಂದು ವ್ಯಾಕರಣ ಹೆಚ್ಚಿಗೆ ಬರುತ್ತದೆ' ಎಂದರು. ಅಂದಿನಿಂದ ದಿನಾಲೂ ಶಾಲೆ ಬಿಟ್ಟ ಮೇಲೆ ಪತ್ರಿಕೆಯ ಐದು ಸಾಲು ಗಟ್ಟಿಯಾಗಿ ಓದಿಸುತ್ತಿದ್ದರು. 'ಳ' ಅಕ್ಷರ ನನ್ನ ನಾಲಿಗೆಯಲ್ಲಿ ಸರಿಯಾಗಿ ಕೂಡುವವರೆಗೆ ಆರನೆಯ ಸಾಲಿಗೆ ಬಿಡುತ್ತಿರಲಿಲ್ಲ. ನಾನಿಂದು ಎರಡೂ ಭಾಷೆಗಳನ್ನು ಕಲಿಸುವ ಶಿಕ್ಷಕನಾಗಿದ್ದರೆ ಅದು ಆ ಐದು ಸಾಲುಗಳ ಋಣ.

ಆದರೆ ಆ ಋಣಕ್ಕಿಂತ ದೊಡ್ಡ ಋಣ ಇನ್ನೊಂದಿದೆ. ನಮ್ಮ ಅಬ್ಬಾ ಕೈಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಅದೇ ವರ್ಷ ಕಾಲು ಮುರಿದುಕೊಂಡು ಮನೆ ಹಿಡಿದರು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಾದ ಆಪಾ ಆಗ ಶಾಲೆಯಲ್ಲಿದ್ದಳು. ಲೆಕ್ಕದಲ್ಲಿ ನನಗಿಂತ ಬಹಳ ಜಾಣೆ. ಒಂದು ದಿನ ತನ್ನ ಪಾಟಿಚೀಲವನ್ನು ನನ್ನ ಮುಂದೆ ಇಟ್ಟು, 'ತೂ ಪಢ್, ಬಾಕಿ ಮೈಂ ದೇಖ್ತೂಂ' ಎಂದಳು. ನೀನು ಓದು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು. ಮರುದಿನದಿಂದ ಅಂಗಡಿಯವರ ಸೀರೆಗಳಿಗೆ ಫಾಲ್ ಹಚ್ಚಲು ಕುಳಿತಳು. ನನ್ನ ಬಿ.ಎಡ್. ಮುಗಿಯುವವರೆಗೂ ಆ ಸೂಜಿ ನಿಲ್ಲಲಿಲ್ಲ.

ಬಹಳ ವರ್ಷ ನಾನು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಕಳೆದ ವರ್ಷ ನನ್ನ ತರಗತಿಯ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಶಾಲೆಗೆ ಬರುವುದು ನಿಂತಿತು. ಕಾಯಿಲೆ ಇರಬೇಕೆಂದುಕೊಂಡೆ. ಇಂದು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಅವರ ಮನೆಗೆ ಹೋಗುವಷ್ಟರಲ್ಲಿ ಎರಡು ತಿಂಗಳಾಗಿತ್ತು. 'ತಮ್ಮನ ಫೀಸಿಗೆ ದುಡ್ಡು ಬೇಕಲ್ಲ ಸರ್, ಇವಳು ಮನೆಯಲ್ಲೇ ಹೊಲಿಗೆ ಕಲಿಯುತ್ತಾಳೆ' ಎಂದರು ಆ ತಾಯಿ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ನನಗೆ ಮಾತು ಹೊರಡಲಿಲ್ಲ. ಆ ತಮ್ಮನ ಜಾಗದಲ್ಲಿ ನಾನೇ ಇದ್ದೆನಲ್ಲ!

ಮನೆಗೆ ಬಂದು ಆಪಾಗೆ ಹೇಳಿದೆ. ಮರುದಿನ ಅವಳೇ ಹೊರಟಳು. ಅಡುಗೆಮನೆಯಲ್ಲಿ ಆ ತಾಯಿಯ ಜೊತೆ ಒಂದು ತಾಸು ಕುಳಿತು ಮಾತಾಡಿದಳು. ಏನು ಹೇಳಿದಳೆಂದು ನನಗೆ ಇಂದಿಗೂ ತಿಳಿಸಿಲ್ಲ. ಸೋಮವಾರ ಹುಡುಗಿ ಶಾಲೆಗೆ ಬಂದಳು. ಕಳೆದುಹೋದ ಎರಡು ತಿಂಗಳ ಪಾಠವನ್ನು ಇನ್ನೂ ಬೆನ್ನಟ್ಟುತ್ತಿದ್ದಾಳೆ.

ಒಂದು ಮಗು ಬೆಳೆಯಬೇಕಾದರೆ ಯಾರಾದರೂ ಬಿಟ್ಟುಕೊಡಲೇಬೇಕು, ನಿಜ. ಅಂಬಾಬಾಯಿಯವರು ಬಿಟ್ಟುಕೊಟ್ಟರು. ಆದರೆ ಅವರು ಹಾಡನ್ನು ಕಲಿತು, ಹಾಡಿ, ಆಮೇಲೆ ಬಿಟ್ಟವರು. ಕಲಿಯುವ ವಯಸ್ಸಿನ ಮಗುವೇ ಇನ್ನೊಂದು ಮಗುವಿಗಾಗಿ ಪಾಟಿಚೀಲ ಕೆಳಗಿಡುವುದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾಗಬಾರದು. ಆ ಭಾರವನ್ನು ದೊಡ್ಡವರು ಹೊರಬೇಕು. ನಮ್ಮಂಥ ಸಂಘಗಳು ಇರುವುದು ಅದಕ್ಕಾಗಿಯೇ.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ: ವಿದ್ಯಾರ್ಥಿವೇತನದ ಅರ್ಜಿ ಬಂದಾಗ, ಆ ಮನೆಯಲ್ಲಿ ಓದು ಬಿಟ್ಟ ಅಕ್ಕ ಅಥವಾ ತಂಗಿ ಇದ್ದಾಳೆಯೇ ಎಂದು ಒಂದು ಮಾತು ಕೇಳಿರಿ. ಶಿಕ್ಷಕ ಮಿತ್ರರೇ, ಮಗು ಮೂರು ದಿನ ಬರದಿದ್ದರೆ ನಾಲ್ಕನೆಯ ದಿನ ಮನೆಗೆ ಹೋಗೋಣ, ನನ್ನಂತೆ ಎರಡು ತಿಂಗಳು ಕಾಯುವುದು ಬೇಡ. ಹಣ ಕೊಡಲಾಗದವರು ಓಣಿಯ ಒಂದು ಮಗುವಿನಿಂದ ದಿನಕ್ಕೆ ಐದು ಸಾಲು ಓದಿಸಿ ಕೇಳಿರಿ. ಅದಕ್ಕೆ ಪದವಿ ಬೇಡ, ಕಿವಿ ಸಾಕು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ ಕೊಡುತ್ತೇನೆ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರನ್ನು ಕೇಳಿರಿ, 'ನನ್ನ ಓದಿಗಾಗಿ ನೀವು ಏನನ್ನು ಬಿಟ್ಟಿದ್ದೀರಿ?' ಅವರು ಏನೂ ಇಲ್ಲ ಎನ್ನುತ್ತಾರೆ. ನಮ್ಮ ಆಪಾ ಕೂಡ ಹಾಗೆಯೇ ಅನ್ನುತ್ತಾಳೆ. ಆದರೂ ಕೇಳಿರಿ.